ಬಿ27 ಇದ್ದರೆ ಬೆನ್ನು ಬಾಗಲೇಬೇಕೆ?

ಹೆಸರಘಟ್ಟ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಹಳಬರಾದರೆ ಕೆರೆ ಎನ್ನುತ್ತೀರಿ. 1894ರಲ್ಲಿ ಅರ್ಕಾವತಿಗೆ ಕಟ್ಟೆ ಕಟ್ಟಿ, ಬೆಂಗಳೂರಿನ ಮನೆಗಳಿಗೆ ಕೊಳಾಯಿ ನೀರು ಹರಿಸಿದ್ದು ಈ ಕೆರೆಯಿಂದಲೇ ಅಲ್ಲವೆ? ನಾಟ್ಯದ ಒಲವಿದ್ದವರು ನೃತ್ಯಗ್ರಾಮ ಎನ್ನಬಹುದು. ಆದರೆ ಇಲ್ಲೇ ಬಾಳುವೆ ಮಾಡುವ ನಮಗೆ ಹೆಸರಘಟ್ಟ ಎಂದರೆ ತಳಿ. 1967ರಲ್ಲಿ ಆರಂಭವಾದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇಲ್ಲಿದೆ. ಒಳ್ಳೆಯ ಹೋರಿಗಳನ್ನು ಸಾಕಿ ಹಸುಗಳ ತಳಿ ಸುಧಾರಿಸುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ಕೋಳಿ ಸಾಕಣೆಯ ಕೇಂದ್ರವಿದೆ. ಹಾಗಾಗಿ ಇಲ್ಲಿನ ಹೆಂಗಸರು ಹಸು ಕೊಳ್ಳುವಾಗ ಅದರ ತಾಯಿ ಎಷ್ಟು ಲೀಟರು ಕೊಡುತ್ತಿತ್ತು ಅಂತ ವಿಚಾರಿಸದೆ ಹಗ್ಗಕ್ಕೆ ಕೈ ಹಾಕುವುದಿಲ್ಲ. ಟೊಮೇಟೊ ನಾಟಿ ಮಾಡುವ ಮೊದಲು ಎಲೆ ಮುದುಡು ರೋಗ ತಡೆಯುತ್ತದೆಯೋ ಇಲ್ಲವೋ ಎಂದು ಕೇಳುತ್ತಾರೆ. ಒಳ್ಳೆಯ ಅಭ್ಯಾಸವೇ ಸರಿ.

ಆದರೆ ಹಸುವಿಗೆ ಕೇಳುವ ಪ್ರಶ್ನೆಯನ್ನು ಹೆಣ್ಣುಮಗಳ ಬಗ್ಗೆ ಕೇಳತೊಡಗಿದರೆ?

ನಮ್ಮ ಕಡೆಯ ಒಂದು ಮನೆಯಲ್ಲಿ ಹಾಗೇ ಆಯಿತು. ಹೆಸರು ಬೇಡ. ತಾಯಿಗೆ ಹದಿನೈದು ವರ್ಷದಿಂದ ಸೊಂಟ ನೋವು. ಕೊನೆಗೊಮ್ಮೆ ಬೆಂಗಳೂರಿನ ತಜ್ಞರೊಬ್ಬರು ನೋಡಿ, ಇದು ಬೆನ್ನುಮೂಳೆಯ ಉರಿಯೂತದ ಕೀಲುವಾತ, ಇದರ ಹೆಸರು 'ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್' ಎಂದರು. ರಕ್ತದಲ್ಲಿ 'ಎಚ್‌ಎಲ್‌ಎ-ಬಿ27' ಎಂಬ ವಂಶವಾಹಿ ಗುರುತು ಇದೆ ಎಂದೂ ತಿಳಿಯಿತು. ಇದನ್ನು ಕೇಳಿದ ಬಂಧುಗಳೊಬ್ಬರು, 'ವಂಶದಲ್ಲಿ ಬರೋದು ಅಂದ್ಮೇಲೆ ಮಗಳಿಗೂ ಒಂದ್ಸಲ ನೋಡಿಸಿಬಿಡಿ' ಅಂತ ಉಪದೇಶ ಮಾಡಿದರು. ಮಗಳಿಗೆ ಇಪ್ಪತ್ನಾಲ್ಕು, ಯಾವ ನೋವೂ ಇಲ್ಲ, ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಓಡಿ ಬರುವ ಹುಡುಗಿ. ಲ್ಯಾಬಿನ ಚೀಟಿಯಲ್ಲಿ ದಪ್ಪಕ್ಷರದಲ್ಲಿ 'ಪಾಸಿಟಿವ್' ಎಂದು ಬಂತು. ಮಾತು ಹೇಗೋ ಬೀಗರಾಗಬೇಕಿದ್ದವರ ಕಿವಿಗೂ ಬಿತ್ತು. 'ನಿಮ್ಮ ರಕ್ತದಲ್ಲೇ ದೋಷ ಇದೆಯಂತಲ್ಲಾ' ಎಂದವರು ಮತ್ತೆ ಬರಲಿಲ್ಲ. ಆ ತಾಯಿ ನನ್ನೆದುರು ಕೂತು, 'ನನ್ನಿಂದ್ಲೇ ತಾನೇ ಅಕ್ಕಾ ಮಗೂಗೆ ಇದು ಬಂದಿದ್ದು?' ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಾಗ ನನಗೆ ಸಂಕಟವಾಯಿತು, ಸಿಟ್ಟೂ ಬಂತು.

ಜಾತಕದ ಜತೆಗೆ ಲ್ಯಾಬ್ ರಿಪೋರ್ಟನ್ನೂ ಕೂಡಿಸಿ ನೋಡುವ ಕಾಲ ಇದು. ಆದ್ದರಿಂದ ಆ ಚೀಟಿಯಲ್ಲಿ ನಿಜಕ್ಕೂ ಏನು ಬರೆದಿತ್ತು, ಏನು ಬರೆದಿರಲಿಲ್ಲ ಎಂಬುದನ್ನು ನಾವೇ ಕೂತು ತಿಳಿಯೋಣ ಬನ್ನಿ.

ಉಗ್ರಾಣದ ಬಾಗಿಲಿನ ಹರಿವಾಣ

ಮದುವೆ ಮನೆಯ ಉಗ್ರಾಣವನ್ನು ನೆನಪಿಸಿಕೊಳ್ಳಿ. ಒಳಗೆ ಏನಿದೆ ಎಂದು ಬಾಗಿಲಲ್ಲಿ ಕೂತ ಹಿರಿಯರಿಗೆ ತಿಳಿಯಬೇಕಾದರೆ ಒಳಗಿನವರು ಹರಿವಾಣದಲ್ಲಿ ಒಂದಿಷ್ಟು ತಂದು ತೋರಿಸಬೇಕು. ನಮ್ಮ ಮೈಯಲ್ಲೂ ಇಂಥದೇ ಏರ್ಪಾಡು. ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶವೂ ತನ್ನೊಳಗಿನ ಪ್ರೋಟೀನುಗಳ ಚೂರುಗಳನ್ನು ಹೊರಮೈ ಮೇಲಿಟ್ಟು ತೋರಿಸುತ್ತಿರುತ್ತದೆ. ಕಾವಲಿಗಿರುವ ಬಿಳಿ ರಕ್ತಕಣಗಳು ಅದನ್ನು ಮುಟ್ಟಿ ನೋಡಿ, ನಮ್ಮದೇ ಎಂದಾದರೆ ಮುಂದೆ ಹೋಗುತ್ತವೆ. ವೈರಸ್ಸಿನದೋ ಮತ್ತಾವುದೋ ಹೊರಗಿನದೋ ಎಂದಾದರೆ ಆ ಜೀವಕೋಶವನ್ನು ಕೊಲ್ಲುತ್ತವೆ. ಹೀಗೆ ತೋರಿಸುವ ಹರಿವಾಣಗಳಿಗೇ 'ಎಚ್‌ಎಲ್‌ಎ' ಎಂದು ಹೆಸರು. ಇವು ಎಲ್ಲರಲ್ಲೂ ಒಂದೇ ತರಹ ಇರುವುದಿಲ್ಲ, ನೂರಾರು ಬಗೆ ಇವೆ. ಕಿಡ್ನಿ ಕಸಿ ಮಾಡುವಾಗ 'ಹೊಂದಾಣಿಕೆ ಆಗುತ್ತದೆಯೇ' ಎಂದು ನೋಡುವುದು ಬಹುಮಟ್ಟಿಗೆ ಇವುಗಳನ್ನೇ. ಫ್ರಾನ್ಸಿನ ಝಾನ್ ಡೋಸೆ ಇವುಗಳಲ್ಲಿ ಮೊದಲನೆಯದನ್ನು 1958ರಲ್ಲಿ ಗುರುತಿಸಿದರು, 1980ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡರು. ಹರಿವಾಣದ ಅಚ್ಚು ನಮ್ಮ ಆರನೆಯ ವರ್ಣತಂತುವಿನಲ್ಲಿದೆ. ತಾಯಿಯಿಂದ ಒಂದು ಅಚ್ಚು, ತಂದೆಯಿಂದ ಒಂದು ಅಚ್ಚು ಬರುತ್ತದೆ. ಬಿ27 ಎಂಬುದು ಅಂಥ ಒಂದು ಬಗೆಯ ಹರಿವಾಣ, ಅಷ್ಟೆ. ಅದು ರೋಗದ ಹೆಸರಲ್ಲ, ರೋಗಾಣುವೂ ಅಲ್ಲ.

ಮತ್ತೆ ಬೆನ್ನುಮೂಳೆಗೂ ಇದಕ್ಕೂ ಏನು ಸಂಬಂಧ ಎನ್ನುತ್ತೀರಾ? ಅದು ತಿಳಿದದ್ದು 1973ರಲ್ಲಿ. ಲಂಡನ್ನಿನ ಡಾಕ್ಟರ್ ಡೆರಿಕ್ ಬ್ರೂವರ್ಟನ್ ಮತ್ತು ಜೊತೆಗಾರರು ಈ ಬೆನ್ನುರೋಗದ 75 ಮಂದಿಯ ರಕ್ತ ನೋಡಿದರು. ಅವರಲ್ಲಿ 72 ಜನಕ್ಕೆ ಬಿ27 ಇತ್ತು! ರೋಗವಿಲ್ಲದ 75 ಮಂದಿಯಲ್ಲಿ ಇದ್ದದ್ದು ಮೂವರಿಗೆ. ಅದೇ ವರ್ಷ ಲಾಸ್ ಏಂಜಲೀಸಿನಲ್ಲಿ ಬೇರೆಯದೇ ತಂಡ ತಾನಾಗಿ ಪರೀಕ್ಷಿಸಿದಾಗ 40 ರೋಗಿಗಳಲ್ಲಿ 35 ಜನಕ್ಕೆ ಅದು ಸಿಕ್ಕಿತು. ಆ ಎರಡನೆಯ ತಂಡದ ಪಾಲ್ ತೆರಾಸಾಕಿ, ಒಂದು ಹನಿ ರಕ್ತದಲ್ಲಿ ಇಂಥ ಗುರುತುಗಳನ್ನು ಹುಡುಕುವ ಸುಲಭ ವಿಧಾನವನ್ನು 1964ರಲ್ಲೇ ರೂಪಿಸಿದ್ದವರು. ಜಪಾನೀ ಮೂಲದವರೆಂಬ ಒಂದೇ ಕಾರಣಕ್ಕೆ ಯುದ್ಧಕಾಲದಲ್ಲಿ ಅವರ ಸಂಸಾರವನ್ನೇ ಅಮೆರಿಕ ಸರ್ಕಾರ ಶಿಬಿರದಲ್ಲಿ ಕೂಡಿಹಾಕಿತ್ತು. ರಕ್ತ ನೋಡಿ ಮನುಷ್ಯರನ್ನು ಬೇರೆ ಮಾಡುವುದು ಎಷ್ಟು ಹಳೆಯ ಚಾಳಿ ನೋಡಿ.

ಪಕ್ಕದ ಮನೆಯದೋ, ತಾನೇ ತಪ್ಪಿತಸ್ಥನೋ?

ನೂರಕ್ಕೆ ತೊಂಬತ್ತು ರೋಗಿಗಳಲ್ಲಿ ಇದ್ದರೆ ಅದೇ ಕಾರಣ ಎಂದು ತೀರ್ಮಾನ ಮಾಡಬಹುದೇ? ಅವಸರ ಬೇಡ. ತೋಟಗಾರಿಕೆಯವರು ಸಸಿ ಎಳೆಯದಿರುವಾಗಲೇ ಎಲೆಯ ಚೂರು ತೆಗೆದು ಜೀನಿನ ಗುರುತು ಹುಡುಕುವುದುಂಟು. ಎಷ್ಟೋ ಸಲ ಆ ಗುರುತಿಗೂ ರೋಗ ತಡೆಯುವ ಗುಣಕ್ಕೂ ನೇರ ಸಂಬಂಧ ಇರುವುದಿಲ್ಲ. ಗುಣದ ಜೀನು ಪಕ್ಕದ ಮನೆಯಲ್ಲಿರುತ್ತದೆ, ಗುರುತು ಅದರ ವಿಳಾಸ ಹೇಳುತ್ತದೆ ಅಷ್ಟೆ. ಬಿ27 ಕೂಡ ಹಾಗೇ ಪಕ್ಕದ ಮನೆಯ ಗುರುತಿರಬಹುದು ಎಂಬ ಅನುಮಾನ ಬಹಳ ವರ್ಷ ಇತ್ತು.

ಅನುಮಾನ ಬಗೆಹರಿಸಿದ್ದು ಇಲಿಗಳು. 1990ರಲ್ಲಿ ಅಮೆರಿಕದ ಡಲ್ಲಾಸಿನ ವಿಜ್ಞಾನಿಗಳು ಮನುಷ್ಯರ ಬಿ27 ಜೀನನ್ನು ಇಲಿಗಳಿಗೆ ಸೇರಿಸಿ ಬೆಳೆಸಿದರು. ಆ ಇಲಿಗಳಿಗೆ ಕರುಳಿನ ಉರಿಯೂತ ಬಂತು, ಕೀಲುಗಳು ಊದಿದವು. ಅಂದರೆ ಬಿ27 ಬರೀ ವಿಳಾಸವಲ್ಲ, ಅದಕ್ಕೂ ಇದರಲ್ಲಿ ಕೈಯಿದೆ. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಜೀನಿನ ಇಲಿಗಳನ್ನು ಒಂದೂ ಕ್ರಿಮಿ ಸೋಕದಂಥ ಗೂಡಿನಲ್ಲಿ ಬೆಳೆಸಿದರು. 1994ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಇಲಿಗಳ ಕರುಳೂ ಚೆನ್ನಾಗಿತ್ತು, ಕೀಲೂ ಚೆನ್ನಾಗಿತ್ತು. ಜೀನು ಇದ್ದರೂ, ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಜೊತೆಗೂಡದೆ ರೋಗ ಹುಟ್ಟಲಿಲ್ಲ. ಒಲೆಯಲ್ಲಿ ಸೌದೆ ಇತ್ತು, ಕಡ್ಡಿ ಗೀರುವವರು ಇರಲಿಲ್ಲ ಎನ್ನಿ.

ಬಿ27 ಹೇಗೆ ಕೆಡುಕು ಮಾಡುತ್ತದೆ ಎಂಬುದಕ್ಕೆ ಇಂದಿಗೂ ಎರಡು ಮೂರು ವಿವರಣೆಗಳಿವೆ. ಕ್ರಿಮಿಯ ಒಂದು ಚೂರು ನಮ್ಮದೇ ಕೀಲಿನ ಚೂರಿನಂತೆ ಕಾಣುತ್ತದೆ, ಬಿ27 ಅದನ್ನು ಎತ್ತಿ ತೋರಿಸಿದಾಗ ಕಾವಲುಗಾರರು ಮೋಸಹೋಗಿ ನಮ್ಮ ಮೇಲೇ ಬೀಳುತ್ತಾರೆ ಎಂಬುದು ಒಂದು. 2022ರಲ್ಲಿ ರೋಗಿಗಳ ಕೀಲು ಮತ್ತು ಕಣ್ಣಿನಿಂದ ತೆಗೆದ ಕಾವಲುಕಣಗಳಲ್ಲಿ ಇದಕ್ಕೆ ಒಳ್ಳೆಯ ಪುರಾವೆ ಸಿಕ್ಕಿತು. ಬಿ27 ಹರಿವಾಣ ಸರಿಯಾಗಿ ಮಡಚಿಕೊಳ್ಳದೆ ಜೀವಕೋಶದ ಒಳಗೇ ರಾಶಿಬಿದ್ದು ಉರಿಯೂತ ಎಬ್ಬಿಸುತ್ತದೆ ಎಂಬುದು ಇನ್ನೊಂದು. ಎರಡೆರಡು ಹರಿವಾಣ ಒಂದಕ್ಕೊಂದು ಅಂಟಿಕೊಂಡು ಹೊರಬಂದು ಕಾವಲುಗಾರರನ್ನು ಗಲಿಬಿಲಿಗೊಳಿಸುತ್ತವೆ ಎಂಬುದು ಮೂರನೆಯದು. ವಿದ್ವಾಂಸರ ಜಗಳ ಮುಗಿದಿಲ್ಲ. ನಮಗೆ ಇಷ್ಟು ಸಾಕು: ಬಿ27 ಒಂದರಿಂದಲೇ ರೋಗ ಆಗದು. ಈ ರೋಗಕ್ಕೆ ತಳಕು ಹಾಕಿಕೊಂಡ ಬೇರೆ ಜೀನುಗಳು ನೂರಕ್ಕೂ ಹೆಚ್ಚು ಈಗ ಪತ್ತೆಯಾಗಿವೆ. ಬಿ27ರಲ್ಲೇ ಒಳಪಂಗಡಗಳಿವೆ. ಆಗ್ನೇಯ ಏಷ್ಯಾದಲ್ಲಿ ಕಾಣುವ ಒಂದು, ಇಟಲಿಯ ಸಾರ್ಡೀನಿಯಾ ದ್ವೀಪದ ಇನ್ನೊಂದು, ಬೆನ್ನಿನ ತಂಟೆಗೆ ಹೋಗುವುದೇ ಇಲ್ಲ ಎನ್ನಬೇಕು.

ಇನ್ನೊಂದು ಮಾತು. ಬಿ27 ಇದ್ದವರ ಮೈ ಕೆಲವು ವೈರಸ್ಸುಗಳನ್ನು, ಅದರಲ್ಲೂ ಹೆಪಟೈಟಿಸ್-ಸಿ ಮತ್ತು ಎಚ್‌ಐವಿಗಳನ್ನು, ಇತರರಿಗಿಂತ ಚೆನ್ನಾಗಿ ಹತೋಟಿಯಲ್ಲಿಡುತ್ತದೆ. 'ರಕ್ತದಲ್ಲಿ ದೋಷ' ಎಂದವರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ಸಾವಿರ ಜನರ ಲೆಕ್ಕ

ಲೆಕ್ಕ ಎಂದರೆ ಬೇಸರಪಡಬೇಡಿ, ಸಂತೆಯ ಲೆಕ್ಕಕ್ಕಿಂತ ಸುಲಭವಾಗಿದೆ. ಬಿ27 ಪ್ರಪಂಚದಲ್ಲಿ ಒಂದೇ ಸಮ ಹಂಚಿಹೋಗಿಲ್ಲ. ಜಪಾನಿನಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ. ಕೆನಡಾದ ಹೈಡಾ ಎಂಬ ಮೂಲನಿವಾಸಿಗಳಲ್ಲಿ ಅರ್ಧಕ್ಕರ್ಧ ಜನಕ್ಕಿದೆ. ನಮ್ಮ ದೇಶದಲ್ಲಿ ನೂರಕ್ಕೆ ಹತ್ತರೊಳಗೆ. ಲೆಕ್ಕಕ್ಕೆ ಐದು ಎಂದಿಟ್ಟುಕೊಳ್ಳಿ. ಸಾವಿರ ಜನರ ಊರಿನಲ್ಲಿ ಐವತ್ತು ಜನಕ್ಕೆ ಬಿ27 ಇರುತ್ತದೆ. ಆ ಐವತ್ತರಲ್ಲಿ ಬೆನ್ನುರೋಗ ಬರುವುದು ಇಬ್ಬರಿಗೋ ಮೂವರಿಗೋ. ಉಳಿದ ನಲವತ್ತೇಳು ಮಂದಿ ಮದುವೆ ಮಾಡಿಕೊಂಡು, ಮಕ್ಕಳು ಮೊಮ್ಮಕ್ಕಳನ್ನು ಕಂಡು, ತಮ್ಮಲ್ಲಿ ಬಿ27 ಇತ್ತು ಎಂಬುದೇ ಗೊತ್ತಿಲ್ಲದೆ ಬಾಳುತ್ತಾರೆ. ನಮ್ಮ ಹುಡುಗಿಯ ಮನೆಗೆ ಮತ್ತೆ ಬಾರದ ಆ ಬೀಗರ ಮನೆಯಲ್ಲೇ ಒಬ್ಬಿಬ್ಬರು ಇದ್ದರೂ ಇರಬಹುದು, ಯಾರು ಕಂಡರು?

ತಂದೆಗೋ ತಾಯಿಗೋ ಒಡಹುಟ್ಟಿದವರಿಗೋ ರೋಗವೇ ಇದ್ದರೆ ಲೆಕ್ಕ ಸ್ವಲ್ಪ ಏರುತ್ತದೆ, ಸುಳ್ಳು ಹೇಳುವುದು ಬೇಡ. ಅಂಥ ಮನೆಯಲ್ಲಿ ಬಿ27 ಇರುವವರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ರೋಗ ಬರಬಹುದು. ಎಂದರೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಬರುವುದಿಲ್ಲ. ತಾಯಿಯ ಎರಡು ಅಚ್ಚುಗಳಲ್ಲಿ ಒಂದು ಬಿ27 ಆಗಿದ್ದರೆ ಪ್ರತಿಯೊಂದು ಮಗುವಿಗೂ ಅದು ಹೋಗುವ ಸಾಧ್ಯತೆ ಅರ್ಧದಷ್ಟು, ನಾಣ್ಯ ಚಿಮ್ಮಿದ ಹಾಗೆ. ತಂದೆಯಿಂದಲೂ ಅಷ್ಟೇ, ಒಂದು ಗುಲಗಂಜಿಯೂ ಕಡಿಮೆ ಇಲ್ಲ. ಯಾವ ಅಚ್ಚು ಕೊಡಬೇಕೆಂದು ಯಾವ ತಾಯಿಯೂ ಆರಿಸಿ ಕೊಡಲಾರಳು. ಆ ತಾಯಿಗೂ ಇದನ್ನೇ ಹೇಳಿದೆ.

ಹಾಗಾದರೆ ನೋವಿಲ್ಲದ ಮಕ್ಕಳಿಗೆ ಈ ಪರೀಕ್ಷೆ ಮಾಡಿಸಬೇಕೆ? ಬೇಡ. ಪಾಸಿಟಿವ್ ಬಂದರೂ ಮುಂಚಿತವಾಗಿ ಕೊಡುವ ಔಷಧಿ ಇಲ್ಲ, ಬರೀ ಚಿಂತೆ. ನೆಗೆಟಿವ್ ಬಂದರೆ ಬರೀ ಖರ್ಚು. ಈ ಪರೀಕ್ಷೆಯ ಉಪಯೋಗವೇ ಬೇರೆ, ಅದು ಇರುವುದು ನೋವು ಇರುವವರಿಗಾಗಿ. ಅದರಲ್ಲೂ, ನಿಮ್ಮ ನೋವನ್ನು ಯಾರೂ ನಂಬದಿದ್ದರೆ, ಸೋದರಿ, ನಿಮಗಾಗಿ.

ಬೆಳಿಗ್ಗೆ ಸೋಮಾರಿ, ಸಂಜೆಗೆ ಗಟ್ಟಿಗಿತ್ತಿ

ಆ ತಾಯಿಯ ಹದಿನೈದು ವರ್ಷ ಹೇಗೆ ಕಳೆಯಿತು ಗೊತ್ತೆ? ಎರಡನೆಯ ಬಾಣಂತನ ಮುಗಿದ ಮೇಲೆ ಶುರುವಾದ ನೋವು. ಬೆಳಗಿನ ಜಾವ ಐದಕ್ಕೆ ಎದ್ದು ಹಾಲು ಕರೆಯಬೇಕು, ಕುಕ್ಕರುಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಸೊಂಟವೆಲ್ಲ ಮರಗಟ್ಟಿದ ಹಾಗೆ. ರಾತ್ರಿ ಎರಡು ಮೂರು ಗಂಟೆಗೆ ನೋವಿಗೆ ಎಚ್ಚರವಾಗಿ, ಎದ್ದು ಹಜಾರದಲ್ಲಿ ನಾಲ್ಕು ಹೆಜ್ಜೆ ಓಡಾಡಿದರೆ ಮಾತ್ರ ಹಗುರ. ಎಂಟು ಗಂಟೆಯ ಹೊತ್ತಿಗೆ ಕಸ ಗುಡಿಸಿ, ನೀರು ಹೊತ್ತು, ಕೊಟ್ಟಿಗೆ ತೊಳೆದ ಮೇಲೆ ಮೈ ಸಡಿಲವಾಗಿ ಯಾವ ಕೆಲಸಕ್ಕೂ ಸೈ. ಅತ್ತೆಗೆ ಇದು ಕಾಣದೆ ಇರುತ್ತದೆಯೆ? 'ಹಾಲು ಕರೆಯೋ ಹೊತ್ತಿಗೆ ಸೊಂಟ ಹಿಡ್ಕೊಳುತ್ತೆ, ಜಾತ್ರೆಗೆ ಹೊರಟ್ರೆ ಬಿಟ್ಟೋಗುತ್ತೆ' ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರಂತೆ.

ಓದುಗರೇ, ಆ ಅತ್ತೆ ಕಂಡದ್ದು ಸರಿ, ಅರ್ಥ ಮಾಡಿಕೊಂಡದ್ದು ತಿರುಗುಮುರುಗು. ವಿಶ್ರಾಂತಿಯಿಂದ ಹೆಚ್ಚುವ, ಓಡಾಟದಿಂದ ಇಳಿಯುವ ಬೆನ್ನುನೋವು ಈ ಕಾಯಿಲೆಯ ಮುಖ್ಯ ಗುರುತು. ಭಾರ ಎತ್ತಿ ಉಳುಕಿದ ಸೊಂಟ, ಸವೆದ ಮೂಳೆ, ಡಿಸ್ಕು ಜಾರಿದ್ದು, ಇವೆಲ್ಲ ಸಾಮಾನ್ಯವಾಗಿ ಕೆಲಸದಿಂದ ಹೆಚ್ಚಿ ಮಲಗಿದರೆ ತಗ್ಗುತ್ತವೆ. ಉರಿಯೂತದ ನೋವು ಇದಕ್ಕೆ ವಿರುದ್ಧ. ನಲವತ್ತೈದು ವರ್ಷದೊಳಗೆ, ಹೆಚ್ಚಾಗಿ ಇಪ್ಪತ್ತು ಮೂವತ್ತರ ಪ್ರಾಯದಲ್ಲಿ, ಯಾವ ಪೆಟ್ಟೂ ಇಲ್ಲದೆ ಮೆಲ್ಲಗೆ ಶುರುವಾಗುತ್ತದೆ, ಮೂರು ತಿಂಗಳು ಮೀರಿದರೂ ಹೋಗುವುದಿಲ್ಲ. ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಮೈ ಬಿಗಿದಿರುತ್ತದೆ. ಪಿರ್ರೆಯ ಒಳಗೆ ಒಂದು ವಾರ ಎಡಕ್ಕೆ ಇನ್ನೊಂದು ವಾರ ಬಲಕ್ಕೆ ನೋವು ಬದಲಾಗುವುದೂ ಉಂಟು. ಬೆನ್ನುಮೂಳೆ ಕೆಳಗೆ ಬಂದು ಸೊಂಟದ ಮೂಳೆಗೆ ಸೇರುವ ಎರಡು ಕೀಲುಗಳಲ್ಲೇ ಬೆಂಕಿ ಮೊದಲು ಹತ್ತುವುದು. ಹಿಮ್ಮಡಿ ನೋವು, ಒಂದು ಮಂಡಿ ಊದುವುದು, ಕೆಲವರಿಗೆ ಸೋರಿಯಾಸಿಸ್, ಕರುಳಿನ ಹುಣ್ಣು, ಕಣ್ಣು ಕೆಂಪಾಗುವುದು, ಇವೂ ಒಂದೇ ಬಳ್ಳಿಯ ಕಾಯಿಗಳು. ಉರಿಯೂತ ವರ್ಷಗಟ್ಟಲೆ ಹಾಗೇ ಉಳಿದರೆ ಮೂಳೆಗಳ ನಡುವೆ ಹೊಸ ಮೂಳೆ ಬೆಳೆದು ಬೆನ್ನು ಬಿದಿರ ಗಳುವಿನಂತೆ ಒಂದಾಗಿಬಿಡಬಹುದು. ಎಕ್ಸ್‌ರೇಯಲ್ಲಿ ಕಾಣುವ ಈ ರೂಪಕ್ಕೆ ವೈದ್ಯರೂ ಬಿದಿರು ಬೆನ್ನು ಎಂದೇ ಕರೆಯುತ್ತಾರೆ.

ಹೆಂಗಸರಿಗೆ ಇದರಲ್ಲಿ ಇಮ್ಮಡಿ ಅನ್ಯಾಯವಾಗಿದೆ. ಹಳೆಯ ವೈದ್ಯಗ್ರಂಥಗಳಲ್ಲಿ ಒಂಬತ್ತು ಹತ್ತು ಗಂಡಸರಿಗೆ ಒಬ್ಬ ಹೆಂಗಸಿಗೆ ಈ ರೋಗ ಎಂದಿತ್ತು. ಈಗಿನ ಲೆಕ್ಕದಲ್ಲಿ ಎರಡು ಮೂರು ಗಂಡಸರಿಗೆ ಒಬ್ಬಳು. ಎಕ್ಸ್‌ರೇಯಲ್ಲಿ ಇನ್ನೂ ಕಾಣದ ಮೊದಲ ಘಟ್ಟವನ್ನೂ ಸೇರಿಸಿದರೆ ಹೆಚ್ಚುಕಡಿಮೆ ಸರಿಸಮ. ಹೆಂಗಸರ ಬೆನ್ನು ಬಿದಿರಿನಂತೆ ಆಗುವುದು ಕಡಿಮೆ, ಆದರೆ ನೋವು ಕಡಿಮೆಯಲ್ಲ. ಕತ್ತು, ಮೇಲ್ಬೆನ್ನು, ಕೈಕಾಲಿನ ಕೀಲುಗಳಿಗೂ ಅದು ಹರಡುತ್ತದೆ. ಎಕ್ಸ್‌ರೇ ಚೆನ್ನಾಗಿದೆ, ಇದು ಗಂಡಸರ ಕಾಯಿಲೆ, ಹಾಗಾಗಿ ನಿಮಗೆ ಏನೂ ಇಲ್ಲ ಎಂದು ಕಳಿಸಿಬಿಡುತ್ತಾರೆ. ಮನೆಯಲ್ಲಿ ಕೇಳಿದರೆ ಬಾಣಂತನದಲ್ಲಿ ಶೀತವಾಯಿತು, ಹೆರಿಗೆಯಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದ ಹೀಗಾಯಿತು, ಆಲೂಗೆಡ್ಡೆ ತಿಂದು ವಾಯು ಸೇರಿತು ಎಂಬ ಉತ್ತರಗಳು. ರೋಗದ ಹೆಸರು ತಿಳಿಯಲು ಸರಾಸರಿ ಐದಾರು ವರ್ಷಗಳಿಗೂ ಮೀರಿ ಬೇಕಾಗುತ್ತದೆ, ಹೆಂಗಸರಿಗೆ ಇನ್ನಷ್ಟು.

ಬಿ27 ಪರೀಕ್ಷೆಗೆ ಬೆಲೆ ಬರುವುದು ಇಲ್ಲಿ. ಮೇಲೆ ಹೇಳಿದಂಥ ನೋವಿರುವ ಹೆಣ್ಣುಮಗಳಿಗೆ ಅದು ಪಾಸಿಟಿವ್ ಬಂದರೆ, 'ಈಕೆ ಸುಮ್ಮನೆ ಹೇಳುತ್ತಿಲ್ಲ, ಇನ್ನೂ ಮುಂದೆ ನೋಡಬೇಕು' ಎಂಬುದಕ್ಕೆ ಅದೊಂದು ಸಾಕ್ಷಿ. ಮುಂದೆ ಸೊಂಟದ ಕೀಲುಗಳ ಎಂಆರ್‌ಐ ತೆಗೆದರೆ, ಎಕ್ಸ್‌ರೇಗೆ ಕಾಣಲು ಹಲವು ವರ್ಷ ಹಿಡಿಯುವ ಉರಿಯೂತ ಮೊದಲೇ ಕಂಡೀತು. ಆದರೆ ಸಾಕ್ಷಿ ಎಂದರೆ ತೀರ್ಪಲ್ಲ. ರೋಗವಿದ್ದೂ ಬಿ27 ಇಲ್ಲದವರು ನೂರಕ್ಕೆ ಹತ್ತು ಹದಿನೈದು ಮಂದಿ, ಒಮ್ಮೊಮ್ಮೆ ಇನ್ನೂ ಹೆಚ್ಚು. ಹಾಗಾಗಿ ನೆಗೆಟಿವ್ ಬಂದಿತೆಂದು ಗುಮಾನಿ ಬಿಡುವಂತಿಲ್ಲ. ಸಾಮಾನ್ಯ ಸಂಧಿವಾತಕ್ಕೆ ಮಾಡುವ 'ಆರ್‌ಎ' ಪರೀಕ್ಷೆ ಇಲ್ಲಿ ನೆಗೆಟಿವ್ ಬರುವುದೇ ವಾಡಿಕೆ. ಇಎಸ್‌ಆರ್, ಸಿಆರ್‌ಪಿ ಕೂಡ ಬಹಳ ಮಂದಿಗೆ ಸರಿಯಾಗಿಯೇ ಇರುತ್ತವೆ. ಇನ್ನು, ಬಿ27 ಹುಟ್ಟಿನಿಂದ ಸಾಯುವವರೆಗೆ ಬದಲಾಗದು. ಔಷಧಿಯಿಂದ ಎಷ್ಟು ವಾಸಿಯಾಯಿತು ಎಂದು ನೋಡಲು ಅದನ್ನು ಮತ್ತೆ ಮತ್ತೆ ಮಾಡಿಸಿ ಹಣ ಕಳೆಯಬೇಡಿ. ಒಮ್ಮೆ ಮಾಡಿಸಿದ ಚೀಟಿಯನ್ನು ರೇಷನ್ ಕಾರ್ಡಿನ ಜತೆ ಇಟ್ಟುಕೊಂಡರೆ ಸಾಕು.

ಯಾರ ಬಳಿ ಹೋಗಬೇಕು? ಮೂಳೆ ಡಾಕ್ಟರಿಗಿಂತ ಕೀಲುವಾತದ ತಜ್ಞರು, ಎಂದರೆ ರುಮಟಾಲಜಿಸ್ಟರು, ಇದಕ್ಕೆ ಸರಿಯಾದವರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಂಥ ಕಡೆ ಇದಕ್ಕೇ ಪ್ರತ್ಯೇಕ ವಿಭಾಗವಿದೆ. 'ಸೊಂಟ ನೋವು' ಎಂದಷ್ಟೇ ಹೇಳಿ ಎದ್ದು ಬರಬೇಡಿ. ಎಷ್ಟು ತಿಂಗಳಿಂದ, ಬೆಳಿಗ್ಗೆ ಎಷ್ಟು ಹೊತ್ತು ಬಿಗಿತ, ರಾತ್ರಿ ಏಳಿಸುತ್ತದೆಯೆ, ಓಡಾಡಿದರೆ ಇಳಿಯುತ್ತದೆಯೆ, ಮನೆತನದಲ್ಲಿ ಯಾರಿಗಾದರೂ ಇದೆಯೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಕತ್ತಿನ ಮೂಳೆ ಸವೆತಕ್ಕೆ ಜನ 'ಸ್ಪಾಂಡಿಲೈಟಿಸ್' ಎನ್ನುವುದುಂಟು, ಅದು ಬೇರೆ, ಇದು ಬೇರೆ.

ಔಷಧಿ, ಅಂಗಸಾಧನೆ, ಅಡುಗೆಮನೆ

ರೋಗ ಪೂರ್ತಿ ಹೋಗುವುದಿಲ್ಲ, ಆದರೆ ಹಿಡಿತಕ್ಕೆ ಬರುತ್ತದೆ. ಮೊದಲ ಮೆಟ್ಟಿಲು ಉರಿಯೂತ ತಗ್ಗಿಸುವ ನೋವಿನ ಮಾತ್ರೆಗಳು. ಅವನ್ನು ವೈದ್ಯರ ಲೆಕ್ಕದಂತೆ ತೆಗೆದುಕೊಳ್ಳಬೇಕು. ಅಂಗಡಿಯಿಂದ ತಂದು ನುಂಗುತ್ತಾ ಹೋದರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ. ಅದರಿಂದ ಆಗದಿದ್ದರೆ ಇಂಜೆಕ್ಷನ್ ರೂಪದ ಜೈವಿಕ ಔಷಧಿಗಳಿವೆ, 2003ರ ಸುಮಾರಿನಿಂದ ಈ ರೋಗಕ್ಕೆ ಬಳಕೆಯಲ್ಲಿವೆ. ಬೆಲೆ ಹೆಚ್ಚು, ನಿಜ. 2014ರ ಕೊನೆಯಲ್ಲಿ ಅಡಾಲಿಮುಮಾಬ್ ಎಂಬ ಅಂಥ ಔಷಧಿಯ ಅಗ್ಗದ ರೂಪವನ್ನು ಪ್ರಪಂಚದಲ್ಲೇ ಮೊದಲು ಮಾರುಕಟ್ಟೆಗೆ ತಂದದ್ದು ನಮ್ಮ ದೇಶದ ಕಂಪನಿಯೇ. ಇವನ್ನು ಶುರುಮಾಡುವ ಮೊದಲು ಮೈಯೊಳಗೆ ಕ್ಷಯ ಅಡಗಿದೆಯೇ ಎಂದು ಕಡ್ಡಾಯವಾಗಿ ನೋಡಿಸಿಕೊಳ್ಳಬೇಕು. ಇವು ಕ್ಷಯವನ್ನು ಎಬ್ಬಿಸಬಲ್ಲವು. ಮಗು ಬೇಕೆನ್ನುವವರು ವೈದ್ಯರಿಗೆ ಮೊದಲೇ ತಿಳಿಸಿದರೆ ಸಾಕು, ಔಷಧಿಯನ್ನು ಅದಕ್ಕೆ ತಕ್ಕಂತೆ ಬದಲಿಸುತ್ತಾರೆ. ಈ ರೋಗ ತಾಯ್ತನಕ್ಕೆ ಅಡ್ಡಿಯಲ್ಲ.

ಮಾತ್ರೆಯಷ್ಟೇ ಮುಖ್ಯ ಅಂಗಸಾಧನೆ. ದಿನಕ್ಕೆ ಕಾಲು ಗಂಟೆ ಬೋರಲು ಮಲಗಿ. ದಿಂಬು ತೆಳುವಾಗಿರಲಿ. ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಂತು ತಲೆಯ ಹಿಂಭಾಗ ಗೋಡೆಗೆ ಮುಟ್ಟುತ್ತದೆಯೇ ನೋಡಿ, ತಿಂಗಳಿಗೊಮ್ಮೆ ನೋಡುತ್ತಿರಿ. ಮುಟ್ಟುತ್ತಿದ್ದ ತಲೆ ಮುಟ್ಟದಾದರೆ ವೈದ್ಯರಿಗೆ ಹೇಳಿ. ಬಟ್ಟೆ ಹೊಲಿಯುವ ಟೇಪಿನಿಂದ ಎದೆಯ ಸುತ್ತಳತೆ ಅಳೆಯಿರಿ. ಉಸಿರು ಪೂರ್ತಿ ಬಿಟ್ಟು ಮತ್ತೆ ತುಂಬಾ ಎಳೆದಾಗ ಸುಮಾರು ಐದು ಸೆಂಟಿಮೀಟರಾದರೂ ಹಿಗ್ಗಬೇಕು. ದೀರ್ಘ ಉಸಿರಾಟ ದಿನವೂ ಮಾಡಿ. ಬೆನ್ನು ಆಗಲೇ ಬಿಗಿದಿರುವವರು ಕತ್ತು ತಿರುಗಿಸಿ 'ಲಟಕ್' ಎನಿಸುವವರ ಬಳಿ ಸುಳಿಯಲೇಬೇಡಿ. ಒಂದಾದ ಮೂಳೆ ಸಣ್ಣ ಎಳೆತಕ್ಕೂ ಮುರಿಯಬಹುದು. ಮನೆಯ ಗಂಡಸರಿಗೆ ಈ ರೋಗವಿದ್ದರೆ ಬೀಡಿ ಸಿಗರೇಟು ಬಿಡಿಸಿ, ಹೊಗೆ ಇದನ್ನು ಬೇಗ ಬೆಳೆಸುತ್ತದೆ.

ನಮ್ಮ ಪತ್ರಿಕೆಯಲ್ಲಿ ಊಟದ ಮಾತಿಲ್ಲದೆ ಲೇಖನ ಮುಗಿಯುವುದುಂಟೆ? ಲಂಡನ್ನಿನ ವಿಜ್ಞಾನಿಯೊಬ್ಬರು ಕರುಳಿನ ಒಂದು ಕ್ರಿಮಿಗೂ ಬಿ27ಕ್ಕೂ ಹೋಲಿಕೆಯಿದೆ, ಆ ಕ್ರಿಮಿ ಪಿಷ್ಟ ತಿಂದು ಬೆಳೆಯುತ್ತದೆ, ಆದ್ದರಿಂದ ಪಿಷ್ಟ ಬಿಡಿ ಎಂದು ಬಹಳ ಕಾಲ ವಾದಿಸಿದರು. ಎಂದರೆ ನಾವು ಅನ್ನ, ಮುದ್ದೆ, ಚಪಾತಿ ಮೂರನ್ನೂ ಬಿಡಬೇಕು! ಅದರಿಂದ ರೋಗ ಇಳಿಯುತ್ತದೆ ಎಂಬುದು ಸಾಬೀತಾಗಿಲ್ಲ. ನನ್ನ ಮಾತು ಕೇಳಿದರೆ ಮುದ್ದೆ ಬಿಡಬೇಡಿ. ಈ ರೋಗದಲ್ಲಿ ಬೆನ್ನಿನ ಮೂಳೆ ಒಳಗೊಳಗೇ ಟೊಳ್ಳಾಗುವುದುಂಟು, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶವಿದೆ. ಬದನೆಕಾಯಿ, ಆಲೂಗೆಡ್ಡೆ ತಿಂದರೆ ವಾಯು ಎಂಬ ಭಯಕ್ಕೆ ಆಧಾರವಿಲ್ಲ. ಸೊಪ್ಪಿನ ಹುಳಿ, ಹುರುಳಿ ಸಾರು, ಮಜ್ಜಿಗೆ, ಎಲ್ಲ ಊಟ ಮಾಡಿ. ತೂಕ ಮಾತ್ರ ಏರದಿರಲಿ.

ಕೊನೆಯದಾಗಿ ಕಣ್ಣಿನ ಮಾತು. ಬಿ27 ಇರುವವರಿಗೆ, ಬೆನ್ನುನೋವು ಇರಲಿ ಬಿಡಲಿ, ಇದೊಂದು ತಿಳಿದಿರಬೇಕು. ಇದ್ದಕ್ಕಿದ್ದಂತೆ ಒಂದೇ ಕಣ್ಣು ಕೆಂಪಾಗಿ, ಒಳಗಿಂದ ನೋವಾಗಿ, ಬೆಳಕು ನೋಡಲಾಗದೆ, ದೃಷ್ಟಿ ಮಂಜಾದರೆ ಅದು 'ಮದ್ರಾಸ್ ಐ' ಅಲ್ಲ. ಮದ್ರಾಸ್ ಐನಲ್ಲಿ ಪಿಸುರು ಬರುತ್ತದೆ, ತುರಿಸುತ್ತದೆ, ಬಹಳ ಸಲ ಎರಡೂ ಕಣ್ಣಿಗೆ ಹತ್ತುತ್ತದೆ. ಇದು ಕಣ್ಣಿನ ಒಳಪದರದ ಉರಿಯೂತ, ಈ ಬೆನ್ನುರೋಗದವರಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಒಮ್ಮೆಯಾದರೂ ಬರುತ್ತದೆ. ತಡಮಾಡಿದರೆ ದೃಷ್ಟಿಗೇ ಕುತ್ತು. ಎದೆಹಾಲು, ಹರಳೆಣ್ಣೆ, ಮೆಡಿಕಲ್ ಸ್ಟೋರಿನವರು ಕೊಟ್ಟ ಡ್ರಾಪ್ಸ್ ಯಾವುದನ್ನೂ ಹಾಕಬೇಡಿ. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ, ರೇಷನ್ ಕಾರ್ಡಿನ ಜತೆಯಲ್ಲಿಟ್ಟ ಆ ಹಳೆಯ ಚೀಟಿ ತೋರಿಸಿ, 'ಡಾಕ್ಟ್ರೇ, ನನಗೆ ಬಿ27 ಇದೆ' ಎಂದು ಮೊದಲೇ ಹೇಳಿಬಿಡಿ.